ಎರಡು ಹೈದರಾಬಾದು, ಒಂದು ಮಾರ್ಕು

ತಪ್ಪು ಮಾಡದ ಮನುಷ್ಯನಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಸರಿ, ತಪ್ಪು ಮಾಡಿದ ಮೇಷ್ಟ್ರನ್ನು ನೀವು ಎಲ್ಲಾದರೂ ನೋಡಿದ್ದೀರಾ? ನೋಡಿರುವುದಿಲ್ಲ. ಅಡಿಗೆಯವನು ತಪ್ಪಿದರೆ ಸಾರು ಉಪ್ಪಾಗುತ್ತದೆ, ದರ್ಜಿ ತಪ್ಪಿದರೆ ಕೋಟಿನ ತೋಳು ಗಿಡ್ಡವಾಗುತ್ತದೆ. ಮೇಷ್ಟ್ರು ತಪ್ಪಿದರೆ ಹುಡುಗ ಬೆಂಚಿನ ಮೇಲೆ ನಿಲ್ಲುತ್ತಾನೆ. ಇಂಥ ಅನುಕೂಲ ಬೇರೆ ಯಾವ ಕಸುಬಿನಲ್ಲೂ ಇಲ್ಲ. ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತೈದು ವರ್ಷ ಭೂಗೋಳ ಹೇಳಿಕೊಟ್ಟ ನಾನು ಈ ಅನುಕೂಲವನ್ನು ಧಾರಾಳವಾಗಿಯೇ ಅನುಭವಿಸಿದವನು. ಈಗ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕೆಂದು ಕೂತಿದ್ದೇನೆ. ಒಂದು ಅಂದೆ, ಮುಗಿಸುವ ಹೊತ್ತಿಗೆ ಎಷ್ಟಾಗುತ್ತವೋ ನೋಡೋಣ.

ನನ್ನ ಹತ್ತಿರ ನೀಲಿ ರಟ್ಟಿನ ಒಂದು ನೋಟ್‌ಬುಕ್ಕು ಇತ್ತು. ಅದರ ಮೇಲೆ ‘ಒಂದೇ ಹೆಸರಿನ ಊರುಗಳು’ ಎಂದು ಗುಂಡಗೆ ಬರೆದಿದ್ದೆ. ಇಂಗ್ಲೆಂಡಿನಲ್ಲಿ ಲಂಡನ್ ಇರುವ ಹಾಗೆ ಕೆನಡಾದಲ್ಲೂ ಒಂದು ಲಂಡನ್ ಇದೆ. ಅಷ್ಟಕ್ಕೇ ಬಿಟ್ಟರೇ? ಅಲ್ಲಿ ಹರಿಯುವ ನದಿಗೂ ಥೇಮ್ಸ್ ಅಂತಲೇ ಹೆಸರಿಟ್ಟುಕೊಂಡು ಕೂತಿದ್ದಾರೆ. ಸ್ಕಾಟ್ಲೆಂಡಿನ ಪರ್ತ್ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋಗಿದೆ. ನಮ್ಮ ಪಕ್ಕದ ಸೇಲಂ ಅಮೆರಿಕದಲ್ಲೂ ಇದೆ. ಅವರು ನಮ್ಮಿಂದ ಇಸಿದುಕೊಂಡದ್ದಲ್ಲ, ನಾವು ಅವರಿಂದ ತಂದದ್ದೂ ಅಲ್ಲ, ಇಬ್ಬರ ಪಾಡಿಗೆ ಇಬ್ಬರೂ ಇಟ್ಟುಕೊಂಡದ್ದು. ಅಲ್ಲಿ ಒಂದು ಮದರಾಸೂ ಇದೆ, ಡೆಲ್ಲಿಯೂ ಇದೆ. ಕಡೆಯ ಪೀರಿಯಡ್ಡಿನಲ್ಲಿ ಹುಡುಗರು ತೂಕಡಿಸುವಾಗ ಈ ನೋಟ್‌ಬುಕ್ಕು ತೆಗೆದರೆ ಸಾಕು, ಎಲ್ಲರ ಕಣ್ಣೂ ಅಗಲವಾಗುತ್ತಿತ್ತು. ಒಮ್ಮೆ ಶಾಲೆಗೆ ಬಂದ ಇನ್ಸ್‌ಪೆಕ್ಟರ್ ಸಾಹೇಬರಿಗೂ ಓದಿ ಹೇಳಿದೆ. ಅವರು ಕಾಫಿ ಕುಡಿಯುತ್ತಾ ಕೇಳಿ, ತಲೆದೂಗಿ, ಬಂದ ಕೆಲಸ ಮರೆತು ಹೊರಟುಹೋದರು.

ಈ ನೋಟ್‌ಬುಕ್ಕಿಗೆ ಬೆಲೆ ಕೊಡದಿದ್ದವಳು ನನ್ನ ಹೆಂಡತಿ ಪುಟ್ಟತಾಯಮ್ಮ ಒಬ್ಬಳೇ. ಅವಳು ಊರ ಪಕ್ಕದ ಕೆಸರೆಯವಳು. ಒಕ್ಕಲುತನದ ಮನೆ, ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು, ಆದರೆ ಮಾತಿನಲ್ಲಿ ಯಾರಿಗೂ ಸೋತವಳಲ್ಲ. “ನಮ್ಮ ಬೀದೀಲಿ ಆರು ಜನ ಪುಟ್ಟಮ್ಮ ಅವ್ರೆ ಕಣ್ರೀ. ಅದನ್ನ ಯಾರಾದ್ರೂ ಬುಕ್ಕಲ್ಲಿ ಬರ್ಕೊಂಡು ಕೂತವ್ರಾ? ದೊಡ್‌ಪುಟ್ಟಮ್ಮ, ಚಿಕ್‌ಪುಟ್ಟಮ್ಮ, ಹಾಲಿನ ಪುಟ್ಟಮ್ಮ ಅಂತ ಕರ್ಕೊಂಡು ಬದುಕ್ತಾ ಇಲ್ವಾ? ಬುಡಿ ಅತ್ಲಾಗೆ, ಊಟಕ್ಕೇಳಿ” ಎನ್ನುತ್ತಿದ್ದಳು. ಈ ನೋಟ್‌ಬುಕ್ಕು ಯಾಕೆ ಶುರುವಾಯಿತು ಎಂದು ಯಾರಾದರೂ ಕೇಳಿದರೆ ನಾನು ‘ಏನೋ ಒಂದು ಜ್ಞಾನದ ಹಸಿವು’ ಎಂದು ಹೇಳಿ ನಸುನಗುತ್ತಿದ್ದೆ. ಅದು ಶುದ್ಧ ಸುಳ್ಳು. ನಿಜವಾದ ಕಾರಣ ಬೇರೆ ಇತ್ತು. ಅದನ್ನೂ ಹೇಳುತ್ತೇನೆ, ಸ್ವಲ್ಪ ತಾಳಿ.

ಇದರ ಜೊತೆಗೆ ನನಗೆ ಇನ್ನೊಂದು ಚಟ ಅಂಟಿಕೊಂಡಿತ್ತು, ಜಾತಕ ಬರೆಯುವುದು. ನಮ್ಮಪ್ಪ ನೇಗಿಲು ಹಿಡಿದವರು. ಅವರಿಗೆ ಗೊತ್ತಿದ್ದ ನಕ್ಷತ್ರಗಳೆಲ್ಲ ಮಳೆಯ ನಕ್ಷತ್ರಗಳು. ನನಗೆ ಈ ವಿದ್ಯೆ ಬಂದದ್ದು ಅಟ್ಲಾಸಿನಿಂದ. ಒಂಟಿಕೊಪ್ಪಲಿನ ನಮ್ಮ ಬೀದಿಯ ಜೋಯಿಸರ ಹತ್ತಿರ ಮೈಸೂರಿಗೆ ಹೊಂದುವ ಲೆಕ್ಕದ ಪಟ್ಟಿ ಮಾತ್ರ ಇತ್ತು. ಮೈಸೂರಿನಲ್ಲಿ ಹುಟ್ಟಿದ ಮಗುವಾದರೆ ಅವರು ಅರ್ಧ ಗಂಟೆಯಲ್ಲಿ ಜಾತಕ ಬರೆದು ಅರಿಸಿನ ಹಚ್ಚಿ ಕೊಡುತ್ತಿದ್ದರು. ಬೊಂಬಾಯಿಯಲ್ಲೋ ನಾಗಪುರದಲ್ಲೋ ಹುಟ್ಟಿದ ಮಗುವನ್ನು ತಂದರೆ, “ಅಷ್ಟು ದೂರ ನನ್ನ ಪಟ್ಟಿ ಹೋಗಲ್ಲ, ಮೇಷ್ಟ್ರ ಹತ್ರ ಹೋಗಿ” ಎಂದು ನನ್ನ ಮನೆ ತೋರಿಸುತ್ತಿದ್ದರು. ಹುಟ್ಟಿದ ಗಳಿಗೆಯಲ್ಲಿ ಪೂರ್ವದಲ್ಲಿ ಯಾವ ರಾಶಿ ಏಳುತ್ತಿತ್ತೋ ಅದೇ ಲಗ್ನ, ಜಾತಕಕ್ಕೆಲ್ಲ ಅದೇ ತಳಹದಿ. ಮತ್ತೆ ಊರು ಬದಲಾದರೆ ಸೂರ್ಯ ಹುಟ್ಟುವ ಹೊತ್ತೂ ಬದಲಾಗುತ್ತದಲ್ಲ? ಪಶ್ಚಿಮಕ್ಕೆ ಒಂದು ಡಿಗ್ರಿ ಸರಿದರೆ ನಾಲ್ಕು ನಿಮಿಷ ತಡ. ಇದನ್ನು ಒಂಬತ್ತನೇ ಕ್ಲಾಸಿಗೆ ಹೇಳಿಕೊಡುವವನು ನಾನೇ. ಹೀಗಾಗಿ ಹೊರ ಊರಿನಲ್ಲಿ ಹುಟ್ಟಿದವರ ಹಣೆಬರಹಕ್ಕೆಲ್ಲ ಒಂಟಿಕೊಪ್ಪಲಿನಲ್ಲಿ ನಾನೇ ಯಜಮಾನನಾಗಿಬಿಟ್ಟೆ. ಜಾತಕ ಬರೆಸಲು ಬಂದವರಿಗೆ, “ನೋಡಿ, ಹುಟ್ಟಿದ ಊರು ಸರಿಯಾಗಿ ಹೇಳಬೇಕು, ಅದರಲ್ಲೇ ಇರೋದು ಎಲ್ಲಾ” ಎಂದು ಬೆರಳೆತ್ತಿ ಎಚ್ಚರಿಸುತ್ತಿದ್ದೆ. ಈ ಬೆರಳನ್ನು ನೀವು ನೆನಪಿನಲ್ಲಿಡಬೇಕು.

ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷ ಆಗಿರಬಹುದು. ನಮ್ಮ ಎದುರು ಮನೆಯಲ್ಲಿ ಚೆನ್ನಪ್ಪ ಎಂಬುವವರಿದ್ದರು. ರೈಲ್ವೆಯಲ್ಲಿ ಗಾರ್ಡಾಗಿದ್ದು, ಉತ್ತರದ ಕಡೆ ಬಹಳ ವರ್ಷ ಇದ್ದು, ಕೆಲಸ ಬಿಟ್ಟು ಊರಿಗೆ ಬಂದವರು. ಹೆಂಡತಿ ಸಾಕಮ್ಮ, ಒಬ್ಬಳೇ ಮಗಳು ಸರೋಜ. ಸರೋಜ ಇಂಟರ್‌ಮೀಡಿಯೆಟ್ ಮುಗಿಸಿದ್ದಳು. ನಮಗೆ ಮಕ್ಕಳಿರಲಿಲ್ಲ, ಆ ಹುಡುಗಿ ಚಿಕ್ಕಂದಿನಿಂದ ನಮ್ಮ ಮನೆಯಲ್ಲೇ ಬೆಳೆದಳು ಎಂದರೂ ತಪ್ಪಿಲ್ಲ. ಪುಟ್ಟತಾಯಮ್ಮ ರಾಗಿ ಹುರಿಹಿಟ್ಟು ಮಾಡಿದರೆ ಮೊದಲ ಪಾಲು ಅವಳಿಗೆ, ಎರಡನೆಯದು ನನಗೆ. ಅವಳಿಗೆ ಯಾದವಗಿರಿಯಿಂದ ಒಂದು ಸಂಬಂಧ ಬಂತು. ಹುಡುಗನ ತಂದೆ ರಿಟೈರಾದ ಅಮಲ್ದಾರರು, ಬಸವೇಗೌಡರು. ಹುಡುಗ ರಾಮಚಂದ್ರ, ವಿದ್ಯುತ್ ಇಲಾಖೆಯಲ್ಲಿ ಇಂಜಿನಿಯರು. ಯಾವುದೋ ಮದುವೆಯಲ್ಲಿ ಸರೋಜನನ್ನು ನೋಡಿ ಅವರೇ ಹೇಳಿಕಳಿಸಿದ್ದರು. ಹುಡುಗನೂ ನೋಡಿದ್ದ, ಇವಳೂ ನೋಡಿದ್ದಳು. ಹೇಗಿದ್ದಾನೆ ಎಂದು ಪುಟ್ಟತಾಯಮ್ಮ ಕೇಳಿದ್ದಕ್ಕೆ ಸರೋಜ, “ಕಿವಿ ಸ್ವಲ್ಪ ದೊಡ್ಡದು ಅತ್ತೆ, ಹೇಳಿದ ಮಾತು ಕೇಳ್ತಾರೆ ಅನ್ಸತ್ತೆ” ಎಂದಳಂತೆ. ಅಂದಮೇಲೆ ಒಪ್ಪಿಗೆ ಅಂತಲೇ ಅರ್ಥ. ಇನ್ನು ಜಾತಕ ಕೂಡಿದರೆ ವೈಶಾಖದಲ್ಲಿ ಧಾರೆ.

ಸರೋಜನಿಗೆ ಜಾತಕವನ್ನೇ ಬರೆಸಿರಲಿಲ್ಲ. ಚೆನ್ನಪ್ಪನವರು ಒಂದು ಚೀಟಿ ಹಿಡಿದು ನನ್ನ ಹತ್ತಿರ ಬಂದರು. ತಾರೀಖು ಇತ್ತು, ಬೆಳಿಗ್ಗೆ ಒಂಬತ್ತು ಗಂಟೆ ಹನ್ನೊಂದು ನಿಮಿಷ ಎಂದಿತ್ತು. “ಗಾರ್ಡಿನ ಗಡಿಯಾರ ಮೇಷ್ಟ್ರೇ, ಅರ್ಧ ನಿಮಿಷ ಆಚೀಚೆ ಇಲ್ಲ” ಎಂದರು. ನಾನು ಎಂದಿನಂತೆ ಬೆರಳೆತ್ತಿ, “ಹುಟ್ಟಿದ ಊರು?” ಎಂದೆ. “ಹೈದರಾಬಾದು” ಎಂದರು. ಅಟ್ಲಾಸು ತೆಗೆದೆ. ನಿಜಾಮರ ಹೈದರಾಬಾದು, ಮೂಸಿ ನದಿ, ಚಾರ್‌ಮಿನಾರು. ರೇಖಾಂಶ ಹಿಡಿದೆ, ಎರಡು ಸಂಜೆ ಕೂತು ಲೆಕ್ಕ ಹಾಕಿದೆ. ಸಿಂಹ ಲಗ್ನ ಬಂತು. ಅದು ಬರಲಿ, ಬೇಡ ಅಂದವರಾರು? ಕುಜ ಮೀನದಲ್ಲಿ ಕೂತಿದ್ದ. ಸಿಂಹದಿಂದ ಮೀನಕ್ಕೆ ಎಣಿಸಿದರೆ ಎಂಟು. ಅಷ್ಟಮದಲ್ಲಿ ಕುಜ! ಈ ವಿದ್ಯೆ ಗೊತ್ತಿಲ್ಲದವರಿಗೂ ಈ ಮಾತು ಗೊತ್ತು. ಗಂಡನ ಆಯುಸ್ಸಿಗೇ ಕುತ್ತು ಎಂದು ಅಜ್ಜಿಯರು ಹೆದರಿಸುವುದು ಇದನ್ನೇ. ಉಳಿದದ್ದೆಲ್ಲ ಹಾಲು ಜೇನಿನ ಹಾಗೆ ಕೂಡಿತ್ತು. ಇದೊಂದು ಮಾತ್ರ ಕೂಡಲಿಲ್ಲ.

ಮುಚ್ಚಿಡಬಹುದಿತ್ತೇ? ಪುಟ್ಟತಾಯಮ್ಮನೂ ಅದನ್ನೇ ಕೇಳಿದಳು. “ಶಾಸ್ತ್ರಕ್ಕೆ ಮೋಸ ಮಾಡೋಕಾಗಲ್ಲ” ಎಂದು ನಾನು ಹರಿಶ್ಚಂದ್ರನ ಮಗನ ಹಾಗೆ ಹೇಳಿ ಜಾತಕ ಕಳಿಸಿಬಿಟ್ಟೆ. ಯಾದವಗಿರಿಯಿಂದ ನಾಲ್ಕೇ ದಿನದಲ್ಲಿ ಮಾತು ಬಂತು. ಹುಡುಗಿ ಬಹಳ ಒಪ್ಪಿಗೆಯಾಗಿದ್ದಳು, ಏನು ಮಾಡೋಣ, ಮನೆಯ ಹಿರಿಯರು ಅಷ್ಟಮ ಕುಜನಿಗೆ ಹೆದರುತ್ತಾರೆ, ಮನ್ನಿಸಬೇಕು. ಚಾಮರಾಜನಗರದ ಕಡೆಯದೊಂದು ಜಾತಕ ಬಂದಿದೆ, ಬರುವ ಶುಕ್ರವಾರ ಅವರಿಗೆ ಮಾತು ಕೊಡುತ್ತೇವೆ. ಸರೋಜ ಆವತ್ತು ನಮ್ಮ ಮನೆಗೆ ಬರಲಿಲ್ಲ. ಮಾರನೆಯ ದಿನವೂ ಬರಲಿಲ್ಲ. ಪುಟ್ಟತಾಯಮ್ಮ ನನ್ನ ತಟ್ಟೆಗೆ ಮುದ್ದೆಯನ್ನು ಇಡಲಿಲ್ಲ, ಎತ್ತಿ ಹಾಕಿದಳು. ಮುದ್ದೆ ಬಿದ್ದ ಸದ್ದಿನಲ್ಲೇ ನನಗೆ ಎಲ್ಲ ಅರ್ಥವಾಯಿತು.

ಭಾನುವಾರ ಮಧ್ಯಾಹ್ನ ಮನಸ್ಸು ತಡೆಯದೆ ಎದುರು ಮನೆಗೆ ಹೋದೆ. ಸಮಾಧಾನ ಹೇಳಬೇಕು ತಾನೆ? ಸಾಕಮ್ಮ ಅತ್ತೂ ಅತ್ತೂ ಕಣ್ಣು ಕೆಂಪು ಮಾಡಿಕೊಂಡಿದ್ದರು. ಸರೋಜ ಗೋಡೆಗೆ ಒರಗಿ ಹುಣಸೆಹಣ್ಣು ಬಿಡಿಸಿದ ಬುಟ್ಟಿಯನ್ನೇ ನೋಡುತ್ತಾ ಕೂತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, “ಇದಕ್ಕೂ ಪರಿಹಾರ ಇದೆ. ಹುಡುಗಿಗೆ ಮೊದಲು ಬಾಳೆಗಿಡದ ಜೊತೆ ಶಾಸ್ತ್ರಕ್ಕೆ ಮದುವೆ ಮಾಡಿ, ಆ ಗಿಡ ಕಡಿದುಬಿಟ್ಟರೆ ದೋಷ ಅದರ ಜೊತೆ ಹೋಗುತ್ತೆ” ಎಂದೆ. ಸರೋಜ ತಲೆಯೆತ್ತಿದಳು. “ಬಾಳೆಗಿಡ ಏನು ತಪ್ಪು ಮಾಡಿತ್ತು ಮಾವ?” ಎಂದಳು. ಇಪ್ಪತ್ತೈದು ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆಯನ್ನು ಯಾವ ಹುಡುಗನೂ ಕೇಳಿರಲಿಲ್ಲ.

ಏಪ್ರಿಲ್ ತಿಂಗಳ ಸೆಕೆ. ಚೆನ್ನಪ್ಪನವರು ಹೆಗಲ ವಲ್ಲಿಯಿಂದ ಗಾಳಿ ಹಾಕಿಕೊಳ್ಳುತ್ತಾ, ಮಾತು ಬದಲಾಯಿಸಲೆಂದು, “ಥೂ, ಎಂಥ ಸೆಕೆ ಮೇಷ್ಟ್ರೇ! ಆದ್ರೂ ಇವಳು ಹುಟ್ಟಿದ ಊರಿನ ಸೆಕೆ ಮುಂದೆ ಇದೇನೂ ಅಲ್ಲ ಬುಡಿ. ಅಲ್ಲಿ ಒಂದೊಂದು ಮನೆ ಮಾಳಿಗೆ ಮೇಲೂ ಗಾಳಿ ಹಿಡಿಯೋಕೆ ಅಂತ ಒಂದು ಗೂಡು ಕಟ್ಟಿರ್ತಾರೆ. ಇಡೀ ಊರಿಗೆ ಊರೇ ಕತ್ತೆತ್ತಿ ಒಂದೇ ಕಡೆ ನೋಡ್ತಾ ನಿಂತಂಗೆ ಕಾಣ್ತದೆ. ಆ ಗೂಡಿಗೆ ಬಿದ್ದ ಗಾಳಿ ನಡುಮನೆಗೆ ಇಳೀತಿತ್ತು. ಇವಳ ತೊಟ್ಟಿಲು ಅದರ ಕೆಳಗೇ ಕಟ್ಟಿದ್ದೋ” ಎಂದರು. ಸಾಕಮ್ಮ ಕೆಮ್ಮಿದರು. ಅದು ನೆಗಡಿಯ ಕೆಮ್ಮಲ್ಲ, ಗಂಡಂದಿರಿಗೆ ಮಾತ್ರ ಕೆಮ್ಮುವ ಕೆಮ್ಮು. ಆದರೆ ಅಷ್ಟರಲ್ಲಿ ನನ್ನ ಕೈಯಲ್ಲಿದ್ದ ಚಕ್ಕುಲಿ ಅರ್ಧ ದಾರಿಯಲ್ಲೇ ನಿಂತಿತ್ತು. ಮಾಳಿಗೆ ಮೇಲಿನ ಆ ಗಾಳಿಗೂಡುಗಳ ಚಿತ್ರ ನನ್ನ ಭೂಗೋಳದ ಪುಸ್ತಕದಲ್ಲೇ ಇತ್ತು. ವರ್ಷವರ್ಷವೂ ಹುಡುಗರಿಗೆ ತೋರಿಸುತ್ತಿದ್ದೆ. ಅದು ಚಾರ್‌ಮಿನಾರಿನ ಊರಿನ ಚಿತ್ರವಲ್ಲ.

“ಚೆನ್ನಪ್ಪನವರೇ,” ಎಂದೆ ಚಕ್ಕುಲಿ ಕೆಳಗಿಟ್ಟು, “ಆ ಊರ ಹತ್ತಿರ ಯಾವ ನದಿ?”

“ಸಿಂಧೂ ನದಿ. ಯಾಕೆ?” ಎಂದರು ಚೆನ್ನಪ್ಪ. ಸಾಕಮ್ಮ ಮತ್ತೆ ಕೆಮ್ಮಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಎಲ್ಲ ಹೊರಗೆ ಬಂತು. ಸರೋಜ ಹುಟ್ಟಿದ್ದು ಸಿಂಧ್ ಸೀಮೆಯ ಹೈದರಾಬಾದಿನಲ್ಲಿ. ಇವಳಿಗೆ ಆರು ವರ್ಷವಾದಾಗಲೇ ಅವರು ಅಲ್ಲಿಂದ ಹೊರಟು ಬಂದಿದ್ದರು. ಆಮೇಲೆ ದೇಶ ಎರಡಾಗಿ ಆ ಊರು ಗಡಿಯ ಆಚೆಗೆ ಹೋಯಿತು. ಎರಡು ವರ್ಷದ ಹಿಂದೆ ಹುಣಸೂರಿನ ಕಡೆಯವರು ಹುಡುಗಿ ನೋಡಲು ಬಂದಾಗ ಚೆನ್ನಪ್ಪ ಇದನ್ನೆಲ್ಲ ಹೆಮ್ಮೆಯಿಂದ ವಿವರಿಸಿದರಂತೆ. ಅವರು ಉಪ್ಪಿಟ್ಟು ತಿಂದು, ಇನ್ನೊಮ್ಮೆ ಹಾಕಿಸಿಕೊಂಡು ತಿಂದು, ಕೈ ತೊಳೆದು, “ಹಂಗಾದ್ರೆ ಪಾಕಿಸ್ತಾನದ ಹುಡುಗಿ ಅನ್ನಿ” ಎಂದು ಎದ್ದು ಹೋದವರು ತಿರುಗಿ ಬರಲಿಲ್ಲ. ಅವತ್ತಿನಿಂದ ಸಾಕಮ್ಮ ಮನೆಯಲ್ಲಿ ಕಾನೂನು ಮಾಡಿದ್ದರು: ಬರೀ ಹೈದರಾಬಾದು ಅನ್ನಬೇಕು, ಮುಂದಕ್ಕೆ ಬಾಯಿ ಬಿಡಕೂಡದು. “ಸುಳ್ಳೇನು ಹೇಳಲಿಲ್ಲವಲ್ಲ ಮೇಷ್ಟ್ರೇ, ಊರಿನ ಹೆಸರು ಅದೇ ತಾನೆ? ನೀವೂ ಯಾವುದು ಅಂತ ಕೇಳಲಿಲ್ಲ” ಎಂದರು. ಕೇಳಲಿಲ್ಲ. ಬೆರಳು ಮಾತ್ರ ಎತ್ತಿದ್ದೆ.

ನನ್ನ ಆ ನೀಲಿ ನೋಟ್‌ಬುಕ್ಕಿನ ಮೊದಲನೆಯ ಪುಟದ ಮೊದಲನೆಯ ಸಾಲು ಏನು ಗೊತ್ತೇ? ‘ಹೈದರಾಬಾದು: ೧. ದಕ್ಷಿಣದ್ದು, ಮೂಸಿ ನದಿ. ೨. ಸಿಂಧ್, ಸಿಂಧೂ ನದಿ.’ ಲಂಡನ್ನು, ಪರ್ತು, ಸೇಲಂ ಎಲ್ಲ ಆಮೇಲೆ ಬಂದವು. ಆ ಮೊದಲ ಸಾಲು ಬಂದದ್ದು ಒಬ್ಬ ಹುಡುಗನಿಂದ. ಯುದ್ಧದ ಕಾಲದಲ್ಲಿ ಒಂದು ಪರೀಕ್ಷೆಗೆ ‘ಹೈದರಾಬಾದು ಯಾವ ನದಿಯ ದಡದಲ್ಲಿದೆ?’ ಎಂದು ಒಂದು ಮಾರ್ಕಿನ ಪ್ರಶ್ನೆ ಕೊಟ್ಟಿದ್ದೆ. ಎಲ್ಲರೂ ಮೂಸಿ ಎಂದು ಬರೆದರೆ ಒಬ್ಬ ಸಣಕಲು ಹುಡುಗ ಸಿಂಧೂ ಎಂದು ಬರೆದಿದ್ದ. ಸೊನ್ನೆ ಸುತ್ತಿದೆ. ಅವನು ಕ್ಲಾಸಿನಲ್ಲಿ ಎದ್ದು ನಿಂತು, “ಸಾರ್, ಸಿಂಧೂ ಹತ್ರಾನೂ ಒಂದು ಇದೆ ಸಾರ್” ಎಂದ. ಮೇಷ್ಟ್ರಿಗೆ ಎದುರಾಡುವುದೇ? ಬೆಂಚು ಹತ್ತಿಸಿದೆ. ಅವತ್ತು ಸಂಜೆ ಸುಮ್ಮನಿರಲಾರದೆ ಅಟ್ಲಾಸು ತೆಗೆದು ನೋಡಿದೆ. ಇತ್ತು. ಸಾಸಿವೆ ಕಾಳಿನಷ್ಟು ಚುಕ್ಕೆ, ಸಿಂಧೂ ನದಿಯ ಪಕ್ಕದಲ್ಲೇ. ಮಾರನೆಯ ದಿನ ಹೋಗಿ ‘ನಿನ್ನದೇ ಸರಿ ಕಣೋ’ ಎಂದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ಆದರೆ ನಾನು ಹೇಳಲಿಲ್ಲ. ಬದಲಿಗೆ ಒಂದು ನೋಟ್‌ಬುಕ್ಕು ಕೊಂಡು, ಮೊದಲ ಸಾಲು ಬರೆದು, ಅದನ್ನೇ ಜ್ಞಾನದ ಹಸಿವು ಎಂದು ಊರೆಲ್ಲ ಸಾರಿಕೊಂಡು ಬಂದೆ. ಹಾಗೆ ತಪ್ಪಿನ ಮೇಲೆ ಕಟ್ಟಿದ ಜ್ಞಾನ, ಬೇಕಾದ ಹೊತ್ತಿಗೆ ಕೈಕೊಟ್ಟಿತು.

ಅಲ್ಲೇ ನೆಲದ ಮೇಲೆ ಕೂತು ಸರೋಜನ ಹಳೆಯ ಸ್ಲೇಟು ಇಸಿದುಕೊಂಡೆ. ಎರಡು ಹೈದರಾಬಾದಿಗೂ ನಡುವೆ ಹತ್ತು ಡಿಗ್ರಿ ಅಂತರ. ಡಿಗ್ರಿಗೆ ನಾಲ್ಕು ನಿಮಿಷ, ಒಟ್ಟು ನಲವತ್ತು ನಿಮಿಷ. ಗಾರ್ಡಿನ ಗಡಿಯಾರ ಅರ್ಧ ನಿಮಿಷ ತಪ್ಪಿರಲಿಲ್ಲ, ಮೇಷ್ಟ್ರ ಅಟ್ಲಾಸು ನಲವತ್ತು ನಿಮಿಷ ತಪ್ಪಿತ್ತು. ಲಗ್ನ ಸಿಂಹದಿಂದ ಹಿಂದಕ್ಕೆ ಸರಿದು ಕರ್ಕಾಟಕಕ್ಕೆ ಬಂತು. ಅಲ್ಲಿಂದ ಮೀನಕ್ಕೆ ಎಣಿಸಿದರೆ ಒಂಬತ್ತು. “ಭಾಗ್ಯದ ಮನೆ ಕಣಮ್ಮ!” ಎಂದು ಕೂಗಿದೆ. “ಕುಜ ಭಾಗ್ಯದಲ್ಲಿ ಕೂತವ್ನೆ! ದೋಷಾನೂ ಇಲ್ಲ, ಗೀಷಾನೂ ಇಲ್ಲ!” ನನ್ನ ಕೂಗು ಕೇಳಿ ಪುಟ್ಟತಾಯಮ್ಮ ಸೌಟು ಹಿಡಿದುಕೊಂಡೇ ಬೀದಿ ದಾಟಿ ಬಂದಳು.

ಸಾಕಮ್ಮನ ಮುಖ ಅರಳಿ, ಮರುಕ್ಷಣವೇ ಬಾಡಿತು. ಜಾತಕ ತಿದ್ದಬೇಕಾದರೆ ಊರು ಹೇಳಬೇಕು. ಊರು ಹೇಳಿದರೆ ಹುಣಸೂರಿನವರ ಕಥೆಯೇ ಆದರೆ? ಅತ್ತ ದರಿ, ಇತ್ತ ಪುಲಿ. “ಮೇಷ್ಟ್ರೇ, ಕೂಡೋದ್ರಲ್ಲಿ ತಪ್ಪಾಯ್ತು ಅಂತ ಹೇಳಿಬಿಡಿ, ಊರು ಎತ್ತೋದೇ ಬೇಡ” ಎಂದರು. ಅಮಲ್ದಾರರಾಗಿದ್ದವರು, ಇನ್ನೊಬ್ಬರಿಂದ ಲೆಕ್ಕ ಹಾಕಿಸದೆ ಬಿಡುತ್ತಾರೆಯೇ ಎಂದೆ. ಆಗ ಸರೋಜ ಎದ್ದು ನಿಂತಳು. ದನಿ ನಡುಗುತ್ತಿತ್ತು, ಮಾತು ನಡುಗುತ್ತಿರಲಿಲ್ಲ. “ಅಮ್ಮಾ, ನಾನು ಹುಟ್ಟಿದ ಊರನ್ನ ನಾನು ಯಾಕೆ ಮುಚ್ಚಿಡಬೇಕು? ನಾನೇನು ಕದ್ದುಕೊಂಡು ಬಂದ್ನಾ? ಅದು ಬೇಡ ಅನ್ನೋರಾದ್ರೆ ನಂಗೂ ಅವರು ಬೇಡ. ಇದ್ದದ್ದು ಹೇಳಿ ಮಾವ.” ಇಷ್ಟು ಹೇಳಿ ಅಳುತ್ತಾ ಒಳಗೆ ಹೋದಳು. ಪುಟ್ಟತಾಯಮ್ಮ ಸೌಟನ್ನು ನನ್ನ ಕಡೆ ತೋರಿಸಿ, “ಕೇಳಿಸ್ತಾ? ಆ ಮಗೀಗಿರೋ ಧೈರ್ಯ ನಿಮಗದಾ? ನಾಳೀಕೇ ಓಗಿ. ಎಲ್ಲಾನೂ ನಂದೇ ತಪ್ಪು ಅನ್ನಿ, ನಂಗೇನೂ ಬೇಜಾರಿಲ್ಲ” ಎಂದಳು.

ಸೋಮವಾರ ಸಂಜೆ ನಾನು ಕರೀ ಕೋಟು ಹಾಕಿಕೊಂಡು, ಚೆನ್ನಪ್ಪನವರು ಜರಿಪೇಟ ಸುತ್ತಿಕೊಂಡು ಯಾದವಗಿರಿಗೆ ನಡೆದೆವು. ಹತ್ತು ನಿಮಿಷದ ದಾರಿ. ಅವತ್ತು ನನಗೆ ಅದು ಸಿಂಧ್‌ವರೆಗೆ ನಡೆದಷ್ಟಾಯಿತು. ಬಂಗಲೆಯ ಜಗಲಿಯಲ್ಲಿ ಬೆತ್ತದ ಕುರ್ಚಿಯ ಮೇಲೆ ಅಮಲ್ದಾರರು ಕೂತಿದ್ದರು. ಮೀಸೆಯೇ ಒಂದು ಕಚೇರಿಯ ಹಾಗಿತ್ತು. ನಾನು ಕೂರುವ ಮೊದಲೇ ಶುರುಮಾಡಿದೆ. ಹೈದರಾಬಾದು ಎರಡಿವೆ, ಹುಡುಗಿ ಹುಟ್ಟಿದ್ದು ಈಗ ಆಚೆ ದೇಶದಲ್ಲಿರುವುದರಲ್ಲಿ, ನಾನು ಲೆಕ್ಕ ಹಾಕಿದ್ದು ಈಚೆಯದಕ್ಕೆ, ಕುಜ ಎಂಟರಲ್ಲಿಲ್ಲ, ಒಂಬತ್ತರಲ್ಲಿದ್ದಾನೆ, ತಪ್ಪು ಪೂರ್ತಿ ನನ್ನದು. ಒಂದೇ ಉಸಿರಿಗೆ ಹೇಳಿ ನಿಲ್ಲಿಸಿದೆ. ಚೆನ್ನಪ್ಪನವರು ತಲೆ ತಗ್ಗಿಸಿ ಪೇಟದ ಜರಿ ತೋರಿಸುತ್ತಾ ಕೂತಿದ್ದರು.

ಅಮಲ್ದಾರರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. “ಏನಂದ್ರಿ? ಹೈದರಾಬಾದು ಎರಡಿವೆ ಅಂದ್ರಾ?”

“ಹೌದು ಸ್ವಾಮಿ.”

“ಇನ್ನೊಂದು ಯಾವ ನದಿ ಹತ್ರ?”

“ಸಿಂಧೂ ನದಿ.”

ಅವರು ಕುರ್ಚಿಯಲ್ಲೇ ಒಳಗಡೆಗೆ ತಿರುಗಿ ದೊಡ್ಡ ದನಿಯಲ್ಲಿ ಕೂಗಿದರು: “ಲೋ ರಾಮೂ, ಬಾರೋ ಇಲ್ಲಿ! ನಿಮ್ಮ ಮೇ‌ಷ್ಟ್ರು ಬಂದವ್ರೆ. ಕೊನೆಗೂ ಒಪ್ಕೊಂಡ್ರು ಕಣೋ!”

ಒಳಗಿನಿಂದ ಎತ್ತರದ, ಮೀಸೆ ಬಂದ, ಗಟ್ಟಿಮುಟ್ಟಾದ ಯುವಕನೊಬ್ಬ ಬಂದ. ಸಾವಿರ ರಾಮಚಂದ್ರರು ನನ್ನ ಕ್ಲಾಸಿನಲ್ಲಿ ಹಾದುಹೋಗಿದ್ದಾರೆ, ಜಾತಕದಲ್ಲಿ ಹೆಸರು ನೋಡಿ ಹೇಗೆ ಗೊತ್ತಾಗಬೇಕು? ಆದರೆ ಕಿವಿ! ಮೈಯೆಲ್ಲ ಬೆಳೆದಿತ್ತು, ಆ ಕಿವಿಗಳು ಮಾತ್ರ ಬೆಂಚಿನ ಮೇಲೆ ನಿಂತಿದ್ದ ಕಿವಿಗಳೇ. ಅವನು ಬಗ್ಗಿ ನಮಸ್ಕಾರ ಮಾಡಿ, “ಚೆನ್ನಾಗಿದ್ದೀರಾ ಸಾರ್? ಸಿಂಧೂ ಹತ್ರಾನೂ ಒಂದು ಇದೆ ಅಲ್ವಾ ಸಾರ್?” ಎಂದ. ಅದೇ ಮಾತು, ಅದೇ ವಿನಯ. ನನಗೆ ಜಗಲಿಯ ಕಲ್ಲು ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. “ಇದೆ ಕಣಪ್ಪ,” ಎಂದೆ. “ಅವತ್ತು ಸಂಜೆಯೇ ನೋಡಿದೆ. ನಿನಗೆ ಹೇಳಲಿಲ್ಲ. ತಪ್ಪಾಯ್ತು.”

ಅಮಲ್ದಾರರು ಮೀಸೆ ಕೆಳಗೆ ಮಾಡಿ, “ನಂದೂ ತಪ್ಪಿದೆ ಬಿಡಿ ಮೇಷ್ಟ್ರೇ. ಅವತ್ತು ಇವನು ಮನೆಗೆ ಬಂದು ಹಿಂಗಾಯ್ತು ಅಂದಾಗ, ಮೇಷ್ಟ್ರಿಗಿಂತ ನಿಂಗೆ ಜಾಸ್ತಿ ಗೊತ್ತೇನೋ ಅಂತ ನಾನೂ ಒಂದು ಬಿಟ್ಟಿದ್ದೆ” ಎಂದರು. ಚೆನ್ನಪ್ಪ ಮೆಲ್ಲಗೆ, “ಅದು ಈಗ ಪಾಕಿಸ್ತಾನದಲ್ಲಿದೆ, ಅದಕ್ಕೇ ನಮ್ಮ ಮನೆಯವಳು...” ಎಂದು ತಡವರಿಸಿದರು. ಬಾಗಿಲ ಹಿಂದಿನಿಂದ ಹುಡುಗನ ತಾಯಿಯ ದನಿ ಬಂತು: “ಹುಡುಗಿ ಊರು ಬಿಟ್ಟು ಬಂದಮೇಲೆ ತಾನೆ ಆ ಊರು ದೇಶ ಬಿಟ್ಟದ್ದು? ಅದಕ್ಕೆ ಆ ಮಗು ಏನು ಮಾಡ್ತದೆ? ಕಾಫಿ ಕುಡೀರಿ ಮೊದಲು.” ಚೆನ್ನಪ್ಪನವರ ಕಣ್ಣು ತುಂಬಿಬಂತು. ನಾನೂ ಕಣ್ಣೊರೆಸಿಕೊಂಡು, ಕಾಫಿ ಬಿಸಿಯಾಗಿತ್ತು ಎಂದು ನೆಪ ಹೇಳಿದೆ.

ಎಲ್ಲ ಸುಖಾಂತವಾಯಿತು ಎಂದು ಏಳುವಷ್ಟರಲ್ಲಿ ರಾಮಚಂದ್ರ, “ಸಾರ್, ಒಂದೇ ಒಂದು ಕೋರಿಕೆ” ಎಂದು ಒಳಗೆ ಹೋಗಿ ಒಂದು ಹಳದಿಯಾದ ಕಾಗದ ತಂದ. ಆ ಪರೀಕ್ಷೆಯ ಉತ್ತರದ ಹಾಳೆ! ಅವನ ತಾಯಿ ಮಗನ ಕಾಗದಗಳನ್ನೆಲ್ಲ ಸೀರೆಯ ಟ್ರಂಕಿನಲ್ಲಿ ಇಟ್ಟಿದ್ದರಂತೆ. ಕೆಂಪು ಪೆನ್ಸಿಲಿನ ಸೊನ್ನೆ, ಪಕ್ಕದಲ್ಲಿ ನನ್ನ ಅಕ್ಷರದಲ್ಲಿ ‘ಮೂಸಿ!!’ ಎಂದು ಎರಡು ಆಶ್ಚರ್ಯಸೂಚಕ. “ಆ ಒಂದು ಮಾರ್ಕು ಸಾರ್” ಎಂದ. ಎಲ್ಲರೂ ನಕ್ಕರು. ಕೆಂಪು ಪೆನ್ಸಿಲು ನನ್ನ ಕೋಟಿನ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಸೊನ್ನೆ ಹೊಡೆದುಹಾಕಿ ಒಂದು ಬರೆದು ಸಹಿ ಮಾಡಿದೆ. “ಟೋಟಲ್ಲೂ ತಿದ್ದಿಬಿಡಿ ಸಾರ್” ಎಂದ. ಐವತ್ತಕ್ಕೆ ಮೂವತ್ತೆಂಟು ಎಂದಿತ್ತು. ಮೂವತ್ತೊಂಬತ್ತು ಎಂದು ಬರೆದರೆ ಮುಗಿದುಹೋಗುತ್ತಿತ್ತು. ಆದರೆ ಶ್ರದ್ಧೆ ತೋರಿಸಬೇಕಲ್ಲ, ಮೇಲಿನಿಂದ ಒಂದೊಂದಾಗಿ ಕೂಡಿಕೊಂಡು ಬಂದೆ. ಮೂವತ್ತೇಳು ಬಂತು. ಕೆಳಗಿನಿಂದ ಕೂಡಿದೆ. ಮೂವತ್ತೇಳೇ ಬಂತು. ಈಗ ಕೊಟ್ಟ ಒಂದು ಸೇರಿ ಮೂವತ್ತೇಳು! ಅಂದರೆ ಆ ಕಾಲದಲ್ಲಿ ಅವನಿಗೆ ಒಂದು ಮಾರ್ಕು ಅನ್ಯಾಯವಾಗಿ ಕಳೆದಿದ್ದೆ, ಎರಡು ಮಾರ್ಕು ಅನ್ಯಾಯವಾಗಿ ಕೂಡಿದ್ದೆ. ಜಗಲಿಯಲ್ಲಿ ಎಲ್ಲರೂ ನನ್ನ ಪೆನ್ಸಿಲನ್ನೇ ನೋಡುತ್ತಿದ್ದರು. ನಾನು ಮೂವತ್ತೊಂಬತ್ತು ಎಂದು ಬರೆದು ಹಾಳೆ ಮಡಿಸಿ ಕೊಟ್ಟೆ.

ಇದನ್ನು ಹೇಳಿದ್ದು ಪುಟ್ಟತಾಯಮ್ಮನಿಗೆ ಮಾತ್ರ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ಅವಳು ನಗಲಿಲ್ಲ. “ಹತ್ತು ಸಾಲು ಕೂಡೋಕೆ ಬರದೋರು, ಆ ಮಗೀನ ಜಾತಕ ಎಂಗೆ ಕೂಡಿದ್ರಿ?” ಎಂದಳು. ಸ್ಲೇಟಿನ ಲೆಕ್ಕವನ್ನು ನಾನು ಮತ್ತೊಮ್ಮೆ ನೋಡಲಿಲ್ಲ, ಅವತ್ತೇ ಸರೋಜ ಒರೆಸಿಬಿಟ್ಟಿದ್ದಳು. ವೈಶಾಖದಲ್ಲಿ ಮದುವೆ ಆಯಿತು. ಗಂಡ ಹೆಂಡತಿ ಚೆನ್ನಾಗಿದ್ದಾರೆ. ಎಂಟರಲ್ಲಿದ್ದರೂ ಒಂಬತ್ತರಲ್ಲಿದ್ದರೂ ಕುಜ ಅವರ ತಂಟೆಗೆ ಹೋದ ಹಾಗೆ ಕಾಣುವುದಿಲ್ಲ. ನೀಲಿ ನೋಟ್‌ಬುಕ್ಕನ್ನು ರಾಮಚಂದ್ರನಿಗೆ ಉಡುಗೊರೆ ಕೊಟ್ಟೆ, ಅದು ಅವನದೇ ತಾನೆ?

ಮೊನ್ನೆ ಸರೋಜ ಮೂರು ತಿಂಗಳ ಮಗನನ್ನು ಎತ್ತಿಕೊಂಡು ಬಂದು, “ಮಾವ, ಇವನ ಜಾತಕ ನೀವೇ ಬರೀಬೇಕು” ಎಂದಳು. ಮಗು ಹುಟ್ಟಿದ್ದು ಇದೇ ಬೀದಿಯಲ್ಲಿ, ನಮ್ಮ ಎದುರು ಮನೆಯಲ್ಲಿ, ಅಳು ನನ್ನ ಕಿವಿಗೇ ಕೇಳಿಸಿತ್ತು. ಆದರೂ ನಾನು ಊರು ಯಾವುದು, ದೇಶ ಯಾವುದು, ಹತ್ತಿರದ ನದಿ ಯಾವುದು ಎಂದು ಮೂರನ್ನೂ ಕೇಳಿ ಬರೆದುಕೊಂಡೆ. ಬೆರಳು ಎತ್ತಲಿಲ್ಲ. ಲೆಕ್ಕವೆಲ್ಲ ಮುಗಿಸಿ, ಕೂಡಿ, ಹಾಳೆಯನ್ನು ಪುಟ್ಟತಾಯಮ್ಮನ ಕಡೆಗೆ ತಳ್ಳಿದೆ. ಈಗ ನಮ್ಮ ಮನೆಯಲ್ಲಿ ಅದೇ ಪದ್ಧತಿ, ನಾನು ಕೂಡಿದ್ದನ್ನು ಅವಳು ಇನ್ನೊಮ್ಮೆ ಕೂಡುತ್ತಾಳೆ. ಅವಳು ಬೆರಳು ಮಡಿಸಿಕೊಂಡು, ತುಟಿ ಅಲ್ಲಾಡಿಸಿಕೊಂಡು ಕೆಳಗಿನವರೆಗೂ ಬಂದು, ಒಂದು ಕಡೆ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ತಲೆಯೆತ್ತಿ ನನ್ನನ್ನು ನೋಡಿದಳು. ನಾನು ಎದ್ದು ನಿಂತೆ. ನಮ್ಮ ಮನೆಯಲ್ಲಿ ಬೆಂಚಿಲ್ಲ, ಅದೊಂದು ನನ್ನ ಪುಣ್ಯ.